ಮೂರನೆಯ ಟಿಕೆಟ್

ಚಿತ್ರಶಾಲೆಯ ಕಿಟಕಿಯಲ್ಲಿ ಮೈದುನ ಎರಡೇ ಟಿಕೆಟ್ ಕೊಂಡ. ಒಂದು ತನಗೆ, ಇನ್ನೊಂದು ಹೆಂಡತಿಗೆ. ಹೆಗಲಚೀಲ, ಕೈಚೀಲ, ಬೆಳಗ್ಗೆ ಕೊಂಡ ಪೊಟ್ಟಣಗಳನ್ನೆಲ್ಲ ಮೆಟ್ಟಿಲ ಪಕ್ಕದ ಕಲ್ಲುಬೆಂಚಿನ ಮೇಲೆ ಪೇರಿಸಿ, "ಅತ್ತಿಗೆ, ನೀವು ಇಲ್ಲೇ ಕೂತಿರಿ. ಒಳಗೆ ಬರೀ ಹಳೇ ಚಿತ್ರಗಳು. ನಿಮಗೆ ಬೇಜಾರಾಗತ್ತೆ" ಎಂದ.

"ನಿನಗೆ ಆಗಲ್ವೇನೋ?"

"ಆಗತ್ತೆ. ಆದ್ರೆ ಇಷ್ಟು ದೂರ ಬಂದು ನೋಡಲಿಲ್ಲ ಅಂದ್ರೆ ಜನ ಏನಂತಾರೆ?"

ಗಂಡ ತೀರಿಕೊಂಡ ಮೇಲೆ ಅತ್ತಿಗೆ ಮೈದುನನ ಮನೆಯಲ್ಲೇ ಇದ್ದಳು. ಅಡುಗೆಮನೆ ಅವಳದು, ಬೀಗದಕೈ ಅವರದು. 'ಪಾಪ, ಅವರೂ ನಾಲ್ಕು ಊರು ನೋಡಲಿ' ಎಂದು ಪ್ರವಾಸಕ್ಕೆ ಕರೆತಂದಿದ್ದರು. ಅವಳು ಇದುವರೆಗೆ ನೋಡಿದ್ದು ಬಾಗಿಲುಗಳನ್ನು ಮಾತ್ರ: ಕೋಟೆಯ ಬಾಗಿಲು, ಗಡಿಯಾರ ಗೋಪುರದ ಬಾಗಿಲು, ಹೆಸರುವಾಸಿ ಪುಸ್ತಕಾಲಯದ ಬಾಗಿಲು. ಎಲ್ಲ ಕಡೆಯೂ ಚೀಲಗಳ ಜೊತೆ ಕೂತದ್ದೇ ಕೂತದ್ದು. ಪುಸ್ತಕಾಲಯದ ಮುಂದಂತೂ, ಒಳಗಿನ ಹಳೇ ಕಾಗದದ ವಾಸನೆ ಬಾಗಿಲು ತೆರೆದಾಗಲೆಲ್ಲ ಮೂಗಿಗೆ ಬಡಿದು ಅವಳನ್ನು ಸತಾಯಿಸಿಬಿಟ್ಟಿತ್ತು.

ಅವರಿಬ್ಬರೂ ಒಳಗೆ ಹೋದರು. ಅತ್ತಿಗೆ ಸ್ವಲ್ಪ ಹೊತ್ತು ಬಂದುಹೋಗುವವರ ಚಪ್ಪಲಿ, ಬೂಟು ನೋಡುತ್ತ ಕೂತಳು. ಆಮೇಲೆ ಯಾರೋ ಎದುರಿಗೇ ನಿಂತು ವಾದ ಮಾಡುತ್ತಿರುವ ಹಾಗೆ, "ಸಾಕು" ಎಂದು ಗಟ್ಟಿಯಾಗಿ ಹೇಳಿ ಎದ್ದಳು. ಬಾಗಿಲ ಪಕ್ಕದಲ್ಲೇ ಸಾಮಾನು ಇಡುವ ಕೋಣೆಯಿತ್ತು. ಎಲ್ಲವನ್ನೂ ಅಲ್ಲಿ ಕೊಟ್ಟು ಬಿಲ್ಲೆ ಪಡೆದು, ತನ್ನ ಪರ್ಸು ಬಿಚ್ಚಿ ಟಿಕೆಟ್ ಕೊಂಡಳು. ಒಳಬಾಗಿಲಲ್ಲಿ ಟಿಕೆಟ್ ಹರಿಯುವವನು ಕೈ ಚಾಚಿದಾಗ ಕೊಡಲು ಅವಳಿಗೆ ಮನಸ್ಸೇ ಬರಲಿಲ್ಲ.

ಮೊದಲ ಎರಡು ಕೋಣೆಯ ರಾಜರು, ಕುದುರೆಗಳು ಅವಳನ್ನು ಹಿಡಿದು ನಿಲ್ಲಿಸಲಿಲ್ಲ. ಮೂರನೆಯದರ ಮೂಲೆಯಲ್ಲಿ ಒಂದು ಚಿತ್ರದ ಮುಂದೆ ಕಾಲು ತಾನಾಗಿ ನಿಂತಿತು. ಒಂದು ದೊಡ್ಡ ಕುಟುಂಬ ಊಟದ ಮೇಜಿನ ಸುತ್ತ ಕೂತಿದೆ. ಯಜಮಾನ ಎದೆ ಸೆಟೆಸಿದ್ದಾನೆ. ಮಕ್ಕಳು, ಸೊಸೆಯಂದಿರು ಎಲ್ಲರದೂ ಹರಳೆಣ್ಣೆ ಕುಡಿದ ಮುಖ. ಮೇಜಿನ ಆ ತುದಿಯಲ್ಲಿ ಮಾತ್ರ ಒಬ್ಬ ಮುದುಕಿ, ತಲೆ ಹಿಂದಕ್ಕೆ ವಾಲಿಸಿ, ಇದ್ದ ನಾಲ್ಕು ಹಲ್ಲನ್ನೂ ತೋರಿಸಿ, ಮೇಜು ಕುಟ್ಟಿ ನಗುತ್ತಿದ್ದಾಳೆ. ಯಾರೂ ಅವಳ ಕಡೆ ತಿರುಗಿಲ್ಲ. ಆದರೆ ಕಿಟಕಿಯ ಬೆಳಕು ಯಜಮಾನನನ್ನು ದಾಟಿಹೋಗಿ ನೇರ ಅವಳ ಮುಖದ ಮೇಲೆ ಬಿದ್ದಿದೆ. ಯಜಮಾನನಿಂದ ದುಡ್ಡು ತೆಗೆದುಕೊಂಡ ಚಿತ್ರಕಾರ ಬಣ್ಣವನ್ನೆಲ್ಲ ಈ ಮುದುಕಿಗೆ ಸುರಿದಿದ್ದಾನಲ್ಲ! ಅತ್ತಿಗೆಗೆ ನಗು ತಡೆಯಲಾಗಲಿಲ್ಲ. ಅಭ್ಯಾಸಬಲದಿಂದ ಬಾಯಿಗೆ ಅಡ್ಡ ಬಂದ ಕೈಯನ್ನು ಅರ್ಧದಲ್ಲೇ ಇಳಿಸಿದಳು.

"ಇಲ್ಲಿ ಯಾರೂ ನಿಲ್ಲೋದೇ ಇಲ್ಲ" ಎಂದಳು ಮೂಲೆಯ ಕುರ್ಚಿಯಲ್ಲಿದ್ದ ಕಾವಲಿನ ಹೆಂಗಸು. "ಎಲ್ಲ ಮುಂದಿನ ಕೋಣೆಗೆ ಓಡ್ತಾರೆ. ಅಲ್ಲಿ ರಾಣಿ ಚಿತ್ರ ಇದೆ, ಭಾರಿ ಪ್ರಸಿದ್ಧ."

"ಓಡ್ಲಿ ಬಿಡಿ. ಇವಳು ನಂಗೊಬ್ಬಳಿಗೇ ಸಿಕ್ಕಿದಳಲ್ಲ."

ಅಷ್ಟರಲ್ಲಿ ರಾಣಿಯ ಕೋಣೆಯಿಂದ ಮೈದುನ ಬಂದ. ಹಿಂದೆಯೇ ಫೋನು ಹಿಡಿದುಕೊಂಡು ಅವನ ಹೆಂಡತಿ.

"ಅತ್ತಿಗೆ! ಬ್ಯಾಗೆಲ್ಲ ಎಲ್ಲಿ?"

"ಬಾಗಿಲಲ್ಲಿ ಇಟ್ಕೊಳ್ತಾರೆ. ದುಡ್ಡೂ ಕೇಳಲ್ಲ. ಅಷ್ಟು ದೊಡ್ಡ ಬೋರ್ಡು ನಿನ್ನ ಕಣ್ಣಿಗೆ ಬೀಳಲಿಲ್ವೋ, ಬೀಳೋದು ಬೇಡವಾಗಿತ್ತೋ."

ಮೈದುನ ತಬ್ಬಿಬ್ಬಾದ. "ಅದಿರ್ಲಿ, ನಡೀರಿ. ನಮ್ಮದು ಮುಗೀತು."

"ನಿಮ್ಮದು ಮುಗೀತು. ನಂದು ಈಗ ಶುರುವಾಗಿದೆ."

"ಅಕ್ಕ, ಮೆಲ್ಲಗೆ. ಜನ ನೋಡ್ತಿದ್ದಾರೆ" ಎಂದು ಅವನ ಹೆಂಡತಿ ಪಿಸುಗುಟ್ಟಿದಳು.

"ನೋಡ್ಲಿ. ನೋಡೋಕೆ ತಾನೇ ಟಿಕೆಟ್ ತಗೊಂಡಿರೋದು."

ಕುರ್ಚಿಯ ಹೆಂಗಸು ಕಿಸಕ್ಕೆಂದಳು. ಮೈದುನನ ಕಿವಿ ಕೆಂಪಾಯಿತು. "ಅಣ್ಣ ಇದ್ದಿದ್ರೆ ನೀವು ಹೀಗೆ ಮಾತಾಡ್ತಿದ್ರಾ?"

ಅತ್ತಿಗೆ ಒಂದು ಗಳಿಗೆ ಯೋಚಿಸಿದಳು. ಸುಳ್ಳು ಹೇಳಲು ಮನಸ್ಸಾಗಲಿಲ್ಲ. "ಇಲ್ಲ. ಆಗ ಮಾತಾಡಬೇಕಿತ್ತು, ಆಡಲಿಲ್ಲ. ಅದಕ್ಕೇ ಈಗ ಆಡ್ತಿದ್ದೀನಿ." ಬಿಲ್ಲೆಯನ್ನು ಅವನ ಅಂಗೈಯಲ್ಲಿಟ್ಟು ಬೆರಳು ಮಡಚಿದಳು. "ತಗೋ, ನಿಮ್ಮ ಸಾಮಾನು. ನಂದು ಅಂತ ಅದರಲ್ಲಿ ಏನೂ ಇಲ್ಲ."

"ದಾರಿ ತಪ್ಪಿದ್ರೆ ಯಾರು ಜವಾಬ್ದಾರಿ?"

"ನಾನು" ಎಂದು ಅವಳು ಮತ್ತೆ ಮುದುಕಿಯ ಕಡೆ ತಿರುಗಿದಳು. ಬೆನ್ನ ಹಿಂದೆ ಹೆಜ್ಜೆಗಳು ಸ್ವಲ್ಪ ಹೊತ್ತು ಕಾದು, ಗೊಣಗಿ, ದೂರವಾದವು.

ಮುಚ್ಚುವ ಗಂಟೆ ಹೊಡೆಯುವವರೆಗೂ ಕೋಣೆಯಿಂದ ಕೋಣೆಗೆ ಅಲೆದು ಅತ್ತಿಗೆ ಹೊರಬಂದಳು. ಅವರು ಇಳಿದುಕೊಂಡಿದ್ದ ಲಾಡ್ಜಿಗೆ ಹೋಗುವ ಬಸ್ಸು ರಸ್ತೆಯ ಆ ಬದಿಯಲ್ಲಿ ನಿಲ್ಲುತ್ತದೆಂದು ಅವಳಿಗೆ ಚೆನ್ನಾಗಿಯೇ ಗೊತ್ತಿತ್ತು. ಈ ಬದಿಗೆ ಒಂದು ಎರಡಂತಸ್ತಿನ ಬಸ್ಸು ಬಂದು ನಿಂತಿತು. ಹತ್ತಿದಳು. ಕಂಬಿ ಹಿಡಿದು ಮೇಲಂತಸ್ತಿಗೆ ಏರಿ, ಎಲ್ಲರಿಗಿಂತ ಮುಂದಿನ ಸೀಟಿನಲ್ಲಿ, ಗಾಜಿಗೆ ಮೂಗು ತಾಗುವ ಹಾಗೆ ಕೂತಳು. ಮರದ ಕೊಂಬೆಗಳು ಗಾಜನ್ನು ಸವರಿ ಹೋದವು. ಹೊಳೆಯ ದಂಡೆಯುದ್ದಕ್ಕೂ ಹಳೇ ಪುಸ್ತಕದ ಅಂಗಡಿಗಳಲ್ಲಿ ಒಂದೊಂದೇ ದೀಪ ಹೊತ್ತಿಕೊಳ್ಳುತ್ತಿತ್ತು. ಮಹಡಿಯೊಂದರಲ್ಲಿ ಒಬ್ಬ ಗಡ್ಡದವನು ಒಣಹಾಕಿದ ಬಟ್ಟೆಗಳ ನಡುವೆ ಒಬ್ಬನೇ ಕುಣಿಯುತ್ತಿದ್ದ. ಸೇತುವೆ ದಾಟುವಾಗ ಫೋನು ಬಡಿದುಕೊಂಡಿತು.

"ಅತ್ತಿಗೆ, ಕತ್ತಲಾಗ್ತಾ ಬಂತು! ಎಲ್ಲಿದ್ದೀರಿ ನೀವು?"

ಬಸ್ಸು ಅಷ್ಟರಲ್ಲಿ ಇನ್ನೊಂದು ತಿರುವಿಗೆ ವಾಲಿತು.

"ಗೊತ್ತಿಲ್ಲಪ್ಪ" ಎಂದಳು ಅತ್ತಿಗೆ. "ತುಂಬಾ ಚೆನ್ನಾಗಿದೆ."