ಓಬಕ್ಕನ ಮನೆಯ ಒಂದು ಲೋಟ ಮಜ್ಜಿಗೆ

ಬಯಲುಸೀಮೆಯ ಒಂದು ಸಣ್ಣ ಊರು. ಊರಾಚೆ, ಈಚಲು ಗರಿಯಿಂದ ಪೊರಕೆ ಕಟ್ಟುವವರ ಕೇರಿ...

ಆ ಕಾಲವೇ ಬೇರೆ. ಪೊರಕೆ ಮಾರುವ ಹೆಂಗಸರು ತಲೆ ಮೇಲೆ ಹೊರೆ ಹೊತ್ತು ಮನೆ ಬಾಗಿಲಿಗೇ ಬರುತ್ತಿದ್ದರು. ಪೊರಕೆ ಕೊಟ್ಟು ರಾಗಿ ಇಸಕೊಂಡು, ಜಗಲಿ ಮೇಲೆ ಕೂತು ಊರ ಸುದ್ದಿಯೆಲ್ಲ ಹೇಳಿ ಹೋಗುತ್ತಿದ್ದರು.

ಓಬಕ್ಕ ಅಂಥವಳು. ಗಂಡ ತೀರಿಕೊಂಡ ಮೇಲೆ ಪೊರಕೆ ಕಟ್ಟಿಯೇ ಮಗ ಪಾಲಯ್ಯನನ್ನು ಸಾಕಿದ್ದಳು.

ಆದರೆ ಆ ಕೇರಿಗೆ ಅಜ್ಜಂದಿರ ಕಾಲದಿಂದಲೂ ಒಂದು ಕೆಟ್ಟ ಹೆಸರು ಅಂಟಿತ್ತು... ಊರಲ್ಲಿ ಎಲ್ಲೇ ಕಳ್ಳತನವಾಗಲಿ, ಪೊಲೀಸ್ ಜೀಪು ಮೊದಲು ಬಂದು ನಿಲ್ಲುತ್ತಿದ್ದುದು ಅಲ್ಲಿಯೇ. ಕದ್ದವರು ಯಾರೋ, ಏಟು ತಿನ್ನುವವರು ಇವರು.

ಒಂದು ಸಲ ಸಾಹುಕಾರರೊಬ್ಬರ ಮನೆಯಲ್ಲಿ ಒಡವೆ ಕಳುವಾಯಿತು. ಪೊಲೀಸರು ಪಾಲಯ್ಯನನ್ನು ಎಳೆದುಕೊಂಡು ಹೋದರು.

ಅವನು ತಿರುಗಿ ಬಂದಾಗ ಬಲಗಾಲನ್ನು ನೆಲಕ್ಕೆ ಊರಲಾಗುತ್ತಿರಲಿಲ್ಲ. ಮೇಲೆ ಕಳ್ಳತನದ ಕೇಸು ಬೇರೆ...

ಹೈಸ್ಕೂಲ್ ಮೇಷ್ಟ್ರೊಬ್ಬರು ಓಬಕ್ಕನ ಪರವಾಗಿ ದೆಹಲಿಯ ಮಾನವ ಹಕ್ಕುಗಳ ಆಯೋಗಕ್ಕೆ ದೂರು ಬರೆದು ಹಾಕಿದರು.

"ದೆಲ್ಲಿಯೋರ ಕಣ್ಣಿಗೆ ನಮ್ಮ ಕೇರಿ ಎಲ್ಲಿ ಕಾಣ್ತೈತೆ, ಬಿಡಿ ಸಾಮಿ" ಅಂದಿದ್ದಳು ಓಬಕ್ಕ.

ಆದರೆ ಒಂದು ಮಧ್ಯಾಹ್ನ ಆಯೋಗದ ಅಧಿಕಾರಿಯೊಬ್ಬರು ಬಂದೇ ಬಿಟ್ಟರು. ಕನ್ನಡದವರೇ. ಪೊಲೀಸರು ಕಳಿಸಿದ್ದ ಕಾರು ಬೇಡವೆಂದು ಕೆಂಪು ಬಸ್ಸಿನಲ್ಲಿ ಬಂದಿದ್ದರು. ಹೆಗಲಲ್ಲಿ ಒಂದು ನೀರಿನ ಬಾಟಲಿ.

ಮೊದಲು ಸ್ಟೇಷನ್ನಿಗೆ ಹೋಗಿ, ಆಮೇಲೆ ಕೇರಿಗೆ ಬಂದರು. ಪಾಲಯ್ಯನ ಕಾಲು ನೋಡಿದರು. ಓಬಕ್ಕ ಹೇಳಿದ್ದನ್ನೆಲ್ಲ ತಾಳ್ಮೆಯಿಂದ ಕೇಳಿದರು.

ಓಬಕ್ಕನಿಗೆ ದೇವರೇ ಮನೆಗೆ ಬಂದಷ್ಟು ಸಂತೋಷ. ಪಕ್ಕದ ಮನೆಯಿಂದ ಮೊಸರು ತಂದು, ಶುಂಠಿ ಜಜ್ಜಿ, ಕರಿಬೇವು ಹಾಕಿ ಮಜ್ಜಿಗೆ ಮಾಡಿದಳು. ಲೋಟವನ್ನು ಹುಣಸೆಹಣ್ಣು ಹಾಕಿ ತಿಕ್ಕಿ ತಿಕ್ಕಿ ತೊಳೆದಳು.

"ಬಿಸಿಲಾಗೆ ಬಂದಿದ್ದೀರ ಸಾಮಿ. ಒಂದು ಗುಟುಕು ಕುಡೀರಿ."

"ಬೇಡಮ್ಮ... ತಪ್ಪು ತಿಳಿಯಬೇಡಿ" ಅಂದ ಅಧಿಕಾರಿ, ತಮ್ಮ ಬಾಟಲಿಯ ನೀರನ್ನೇ ಕುಡಿದು ಎದ್ದರು.

ಓಬಕ್ಕನ ಮುಖ ಬಾಡಿಹೋಯಿತು. ಅವಳು ಕಟ್ಟಿದ ಪೊರಕೆ ಊರಿನ ಎಲ್ಲರ ಮನೆಯೊಳಗೂ ಹೋಗುತ್ತಿತ್ತು. ಅವಳ ಮನೆಯ ನೀರು ಮಾತ್ರ ಊರವರ ಬಾಯಿಗೆ ಹೋಗುತ್ತಿರಲಿಲ್ಲ.

"ಇವರೂ ಅಷ್ಟೇ" ಅಂದುಕೊಂಡಳು. ಅವರು ಹೋದ ಮೇಲೆ ಮಜ್ಜಿಗೆಯನ್ನು ಬೇವಿನ ಮರದ ಬುಡಕ್ಕೆ ಸುರಿದು, ಸೆರಗು ಬಾಯಿಗೊತ್ತಿಕೊಂಡು ಅತ್ತಳು.

ಆಯೋಗದ ವರದಿ ಬಂತು. ಪೊಲೀಸರು ಅದರ ವಿರುದ್ಧ ಕೋರ್ಟಿಗೆ ಹೋದರು, ಅಲ್ಲೂ ವರದಿಯೇ ನಿಂತಿತು. ಹೊಡೆದವರ ಮೇಲೆ ಕ್ರಮವಾಯಿತು, ಪಾಲಯ್ಯನ ಮೇಲಿದ್ದ ಸುಳ್ಳು ಕೇಸು ಬಿದ್ದುಹೋಯಿತು. ಅಂದಿನಿಂದ ಕೇರಿಗೆ ಜೀಪು ಬರುವುದೂ ಕಡಿಮೆಯಾಯಿತು.

ವರ್ಷಗಳು ಉರುಳಿದವು... ಈಚಲು ಮರಗಳು ಹೋದವು, ಪ್ಲಾಸ್ಟಿಕ್ ಪೊರಕೆ ಬಂತು. ಪಾಲಯ್ಯ ಸೈಕಲ್ ಶಾಪ್ ಇಟ್ಟ, ಮದುವೆಯಾದ.

ಓಬಕ್ಕನ ಎದೆಯಲ್ಲಿ ಮಾತ್ರ ಆ ಮುಳ್ಳು ಹಾಗೇ ಇತ್ತು. ಯಾರಾದರೂ ಅಧಿಕಾರಿಯನ್ನು ಹೊಗಳಿದರೆ, "ದೊಡ್ಡೋರು ಕಣಪ್ಪ... ಆದ್ರೆ ನಮ್ಮನೆ ಮಜ್ಜಿಗೆ ಮುಟ್ಟಲಿಲ್ಲ" ಅನ್ನುತ್ತಿದ್ದಳು.

ಮೊನ್ನೆ ಬೇಸಿಗೆಯಲ್ಲಿ ಅವಳ ಮನೆ ಮುಂದೆ ಒಂದು ಆಟೋ ನಿಂತಿತು. ಕೋಲೂರಿಕೊಂಡು ಇಳಿದ ಮುದುಕರನ್ನು ಓಬಕ್ಕ ಕಣ್ಣು ಕಿರಿದು ಮಾಡಿ ನೋಡಿದಳು.

ಅದೇ ಅಧಿಕಾರಿ... ಹೆಗಲಲ್ಲಿ ಬಾಟಲಿ ಇರಲಿಲ್ಲ.

"ನೀರಿನ ಬಾಟ್ಲಿ ಎಲ್ಲಿ ಸಾಮಿ? ನಮ್ಮನೇಲಿ ನೀವು ಏನೂ ಮುಟ್ಟಲ್ಲವಲ್ಲ" ಅಂದಳು. ಇಷ್ಟು ವರ್ಷದ ನೋವು ಬಾಯಿಗೆ ಬಂದೇಬಿಟ್ಟಿತ್ತು.

ಅವರು ಜಗಲಿ ಮೇಲೆ ಕೂತರು. "ಅವತ್ತು ಸ್ಟೇಷನ್ನಿನಲ್ಲಿ ನನಗೆ ಊಟವನ್ನೇ ಮಾಡಿಸಿಟ್ಟಿದ್ದರು ಓಬಕ್ಕ. ಅಲ್ಲಿ ಟೀ ಕೂಡ ಮುಟ್ಟಲಿಲ್ಲ..."

"ಕೋರ್ಟಿನಲ್ಲಿ ಪೊಲೀಸರ ವಕೀಲರು ಮೊದಲು ಕೇಳಿದ ಪ್ರಶ್ನೆ ಏನು ಗೊತ್ತಾ? 'ದೂರು ಕೊಟ್ಟವರ ಮನೆಯಲ್ಲಿ ಏನು ತಿಂದಿರಿ, ಏನು ಕುಡಿದಿರಿ?'"

"'ಎರಡೂ ಕಡೆ ತೊಟ್ಟು ನೀರೂ ಮುಟ್ಟಿಲ್ಲ' ಅಂದೆ. ಅವರ ಬಾಯಿ ಕಟ್ಟಿತು. ನಿಮ್ಮ ಮಜ್ಜಿಗೆ ಕುಡಿದಿದ್ದರೆ, ಅದನ್ನೇ ಹಿಡಿದುಕೊಂಡು ನನ್ನ ವರದಿ ಬೀಳಿಸುತ್ತಿದ್ದರು. ಪಾಲಯ್ಯ ಕಳ್ಳನಾಗಿಯೇ ಉಳಿಯುತ್ತಿದ್ದ."

ಓಬಕ್ಕ ಸೆರಗಿನಿಂದ ಕಣ್ಣು ಒರೆಸಿಕೊಂಡಳು...

"ನಿಮ್ಮ ಮುಖ ಬಾಡಿದ್ದನ್ನು ಅವತ್ತೇ ನೋಡಿದ್ದೆ. ತನಿಖೆಯ ನಡುವೆ ಕಾರಣ ಹೇಳುವ ಹಾಗಿರಲಿಲ್ಲ. ಈಗ ರಿಟೈರ್ ಆಗಿದ್ದೇನೆ, ಯಾವ ಕಡೆಯ ಕೇಸೂ ನನ್ನ ಕೈಯಲ್ಲಿಲ್ಲ..."

ಅವರು ಎರಡೂ ಕೈ ಮುಂದೆ ಚಾಚಿದರು.

"ಅದಕ್ಕೇ ಬಾಟಲಿ ತರಲಿಲ್ಲ. ಅವತ್ತಿನ ಒಂದು ಲೋಟ ಮಜ್ಜಿಗೆ ಇನ್ನೂ ಬಾಕಿ ಇದೆಯಲ್ಲ... ಕೊಡ್ತೀರಾ ತಾಯಿ?"

ಓಬಕ್ಕ ಅಳುತ್ತಲೇ ಒಳಗೆ ಓಡಿದಳು, ಲೋಟ ತಿಕ್ಕಲು ಹುಣಸೆಹಣ್ಣು ಹುಡುಕುತ್ತಾ...

*

ಯಾರ ಹಂಗಿಗೂ ಬೀಳದವರು ಮಾತ್ರ ಬಡವರ ಪರವಾಗಿ ಗಟ್ಟಿಯಾಗಿ ನಿಲ್ಲಬಲ್ಲರು.

ನಮ್ಮ ಮನಸ್ಸು ನೋಯಿಸಿದರೆಂದು ನಾವು ಇಂದಿಗೂ ಮುನಿಸಿಕೊಂಡಿರುವವರು, ನಮ್ಮ ಒಳ್ಳೆಯದಕ್ಕೇ ಹಾಗೆ ನಡೆದುಕೊಂಡಿರಬಹುದೇ... ಒಮ್ಮೆ ಯೋಚಿಸಿ ನೋಡಿದ್ದೀರಾ?