ಕನ್ನಡ ಅಕ್ಷರದ ಇಂಗ್ಲಿಷ್

ಮೇಘಶ್ರೀ ಬರುವುದನ್ನು ಕಂಡದ್ದೇ ತಡ, ಸಿದ್ದರಾಜು ಹಾಳೆಗಳನ್ನು ಟಿಫನ್ ಡಬ್ಬಿಯ ಕೆಳಗೆ ತಳ್ಳಿದ. ಡಬ್ಬಿ ಚಿಕ್ಕದು, ಹಾಳೆ ದೊಡ್ಡದು. ಏನನ್ನೋ ಮುಚ್ಚಿಡುತ್ತಿದ್ದಾನೆ ಎಂಬುದು ಇಡೀ ಕ್ಯಾಂಟೀನಿಗೆ ಕಾಣುವಂತಿತ್ತು.

“ಸಾರ್, ನೋಟ್ಸ್ ಕೊಡ್ತೀರಾ? ಹೋದ ತಿಂಗಳು ಜ್ವರ ಬಂದು ಸುಮಾರು ಕ್ಲಾಸ್ ಮಿಸ್ ಆಯ್ತು. ನಿಮ್ಮ ಹತ್ರ ಬಿಟ್ರೆ ಬೇರೆ ಯಾರ ಹತ್ರಾನೂ ಪೂರ್ತಿ ಇಲ್ಲ.”

ಜಯನಗರದಲ್ಲಿ ಯಾರು ತಾನೇ ಸಾರ್ ಅಲ್ಲ? ಬಸ್ ಕಂಡಕ್ಟರೂ ಸಾರ್, ಸೊಪ್ಪು ಕೊಳ್ಳಲು ನಿಂತವರೂ ಸಾರ್. ಅದರಲ್ಲೂ ಸಿದ್ದರಾಜು ತರಗತಿಯಲ್ಲಿ ಎಲ್ಲರಿಗಿಂತ ದೊಡ್ಡವನು. ಜರಗನಹಳ್ಳಿಯ ಅಂಗಡಿಯೊಂದರಲ್ಲಿ ವರ್ಷಗಟ್ಟಲೆ ಲೆಕ್ಕ ಬರೆದು, ಈ ವರ್ಷವಷ್ಟೇ ಮತ್ತೆ ಕಾಲೇಜಿನ ಮೆಟ್ಟಿಲು ಹತ್ತಿದ್ದ. ಆದರೂ ಆ ಪದ ಕಿವಿಗೆ ಬಿದ್ದಾಗಲೆಲ್ಲ ಯಾರೋ ಅಣಕಿಸಿದಂತೆ ಅನಿಸುತ್ತಿತ್ತು.

“ನನ್ನ ಅಕ್ಷರ ಚೆನ್ನಾಗಿಲ್ಲ,” ಎಂದ.

“ಪರವಾಗಿಲ್ಲ, ಓದ್ಕೋತೀನಿ. ಫೋಟೋ ತಗೊಂಡು ಗ್ರೂಪಿಗೆ ಹಾಕಿದ್ರೆ ಎಲ್ರಿಗೂ ಆಗುತ್ತೆ.”

ಸಿದ್ದರಾಜು ಡಬ್ಬಿಯನ್ನು ಹಾಳೆಗಳ ಮೇಲೆ ಇನ್ನಷ್ಟು ಒತ್ತಿ ಹಿಡಿದ. ವಿಷಯ ಇಷ್ಟೇ. ಹಾಳೆಯ ತುಂಬ ಇದ್ದದ್ದು ಇಂಗ್ಲಿಷ್ ಪಾಠ, ಅಕ್ಷರ ಮಾತ್ರ ಕನ್ನಡದ್ದು. ‘ದಿ ಅಕೌಂಟಿಂಗ್ ಪೀರಿಯಡ್ ಈಸ್’ ಎಂದು ಶುರುವಾದರೆ ಕೊನೆಯ ಸಾಲಿನವರೆಗೂ ಹಾಗೆಯೇ. ಅವನು ಓದಿದ್ದೆಲ್ಲ ಕನ್ನಡ ಮಾಧ್ಯಮದಲ್ಲಿ. ಲೆಕ್ಕ ನೀರು ಕುಡಿದಷ್ಟು ಸುಲಭ. ನಾಲಿಗೆ ಮಾತ್ರ ಇಂಗ್ಲಿಷ್ ಕಂಡರೆ ತೊದಲುತ್ತಿತ್ತು. ಮೊನ್ನೆ ತುಂಬಿದ ತರಗತಿಯಲ್ಲಿ ‘ರಿಸೀಟ್’ ಅನ್ನುವ ಬದಲು ‘ರಿಸಿಪ್ಟ್’ ಎಂದು ಪಿ ಸಮೇತ ಓದಿಬಿಟ್ಟಿದ್ದ. ಕೊನೆಯ ಬೆಂಚಿನಲ್ಲಿ ಶುರುವಾದ ನಗು ಮೊದಲ ಬೆಂಚಿನವರೆಗೂ ಬಂದಿತ್ತು. ಬನಶಂಕರಿಯಲ್ಲಿ ಬಸ್ ಇಳಿಯುವಾಗಲೂ ಅದು ಕಿವಿಯಲ್ಲೇ ಇತ್ತು. ಇನ್ನು ಈ ಹಾಳೆ ಗ್ರೂಪಿಗೆ ಬಿದ್ದರೆ ಕಾಲೇಜಿನಲ್ಲಿ ತಲೆ ಎತ್ತಿಕೊಂಡು ಓಡಾಡುವುದು ಮುಗಿದಂತೆಯೇ.

“ನಾಳೆ ಕೊಡ್ತೀನಿ,” ಎಂದು ಡಬ್ಬಿ ಎತ್ತಿಕೊಂಡು ಎದ್ದ. ಗಡಿಬಿಡಿಯಲ್ಲಿ ಹಾಳೆಗಳು ಜಾರಿ ನೆಲಕ್ಕೆ ಬಿದ್ದವು. ಅವನು ಬಗ್ಗುವಷ್ಟರಲ್ಲಿ ಮೇಘಶ್ರೀ ಎತ್ತಿಕೊಂಡಾಗಿತ್ತು.

ಅವಳು ಮೊದಲ ಸಾಲು ಓದಿದಳು. ಕನ್ನಡವೆಂದುಕೊಂಡು ಓದಿ, ತಲೆಬುಡ ತಿಳಿಯದೆ, ತುಟಿ ಅಲ್ಲಾಡಿಸುತ್ತ ಮತ್ತೊಮ್ಮೆ ಓದಿದಳು. ಆಗ ತಿಳಿಯಿತು. ಸಿದ್ದರಾಜು ಅವಳ ಮುಖ ನೋಡಲಾರದೆ ಸಾಂಬಾರಿನ ಬಕೆಟ್ ನೋಡುತ್ತ ನಿಂತ. ನಾಚಿಕೆಯಿಂದ ಅವನ ಕಿವಿ ಬಿಸಿಯಾಗಿತ್ತು.

“ಗ್ರೂಪಿಗೆ ಹಾಕ್ಬೇಡಮ್ಮ.”

“ಇಲ್ಲ, ಹಾಕಲ್ಲ.” ಬರೆದ ಮಗ್ಗಲು ಒಳಗಾಗುವಂತೆ ಹಾಳೆಗಳನ್ನು ಮಡಚಿ ಕೊಟ್ಟಳು. ಅವಳೂ ಅವನ ಮುಖ ನೋಡಲಿಲ್ಲ. “ಮೊನ್ನೆ ನಾನೂ ನಕ್ಕೆ. ಎಲ್ರೂ ನಗ್ತಿದ್ರಲ್ಲ ಅಂತ. ತಪ್ಪು ಏನಂತ ಮನೆಗೆ ಹೋಗಿ ಹುಡುಕಿದ್ಮೇಲೇ ಗೊತ್ತಾಗಿದ್ದು.”

ಅವನು ಹಾಳೆಗಳನ್ನು ಇನ್ನೊಂದು ಮಡಿಕೆ ಮಡಚಿ ಜೇಬಿಗೆ ಸೇರಿಸಿದ. ಅಷ್ಟರಲ್ಲಿ ಬೆಲ್ ಹೊಡೆಯಿತು. ಅವಳು ಮುಂದೆ ಓಡಿ ತನ್ನ ಜಾಗದಲ್ಲಿ ಕೂತಳು. ಅವನು ನೆಲ ನೋಡಿಕೊಂಡೇ ತರಗತಿಯ ಬಾಗಿಲು ದಾಟಿದ.

ಮೇಘಶ್ರೀ ಎಲ್ಲರಿಗಿಂತ ಮೊದಲು ಎದ್ದು ನಿಂತಳು, ಅವಳ ಹಿಂದೆ ಇಡೀ ತರಗತಿ ಎದ್ದಿತು. ಸಿದ್ದರಾಜು “ಕೂತ್ಕೊಳ್ಳಿ” ಎಂದು ಹಾಜರಿ ಪುಸ್ತಕ ತೆರೆದ.