ನೆಪೋಲಿಯನ್ನನ ರೊಟ್ಟಿಗಾಡಿ

ಜೇನುಮೇಣದ ವಾಸನೆ ಬಂದರೆ ವರ್ನಾಳಿಗೆ ಇಂದಿಗೂ ಅಜ್ಜಿಯ ಊಟದ ಮೇಜು ನೆನಪಾಗುತ್ತದೆ. ಹಬ್ಬದ ಹಿಂದಿನ ದಿನ ಅಜ್ಜಿ ಆ ಓಕ್ ಮರದ ಮೇಜಿಗೆ ಮೇಣ ಹಚ್ಚಿ, ಮುಖ ಕಾಣುವವರೆಗೆ ತಿಕ್ಕುತ್ತಿದ್ದಳು. ಈಗ ಮೇಜು ವರ್ನಾಳದು. ಮುಖ ಮಾತ್ರ ಕಾಣುವುದಿಲ್ಲ. ಕಳೆದ ವರ್ಷದಿಂದ ಅದರ ಮೇಲೆ ರಷ್ಯ ಹರಡಿಕೊಂಡಿದೆ.

"ಹೋದ ಶನಿವಾರ ಈ ಗಾಡಿ ಇಲ್ಲಿರಲಿಲ್ಲ," ಎಂದ ಹೈರಮ್, ಚಿಮಟದ ತುದಿಯಿಂದ ನಕ್ಷೆಯ ಮೇಲೆ ತೋರಿಸುತ್ತ. "ನಾನೇ ಸೆರೆಹಿಡಿದು ಈ ಸಾಸರಿನಲ್ಲಿ ಹಾಕಿದ್ದೆ. ಈಗ ನೋಡು, ನಿನ್ನ ಸೈನ್ಯದ ಪಕ್ಕ ಆರಾಮವಾಗಿ ನಿಂತಿದೆ."

"ಬೆಕ್ಕಿನ ಕೆಲಸ ಇರಬೇಕು," ಎಂದ ಎಲ್ವುಡ್.

"ನಿಮ್ಮನೇಲಿ ಬೆಕ್ಕೇ ಇಲ್ವಲ್ಲೋ."

ಹೈರಮ್ ಅಣ್ಣ. ಎಲ್ವುಡ್ ತಮ್ಮ, ವರ್ನಾಳ ಗಂಡ. ಯಾರ್ಕ್ ಪಟ್ಟಣದಲ್ಲಿ ಎಲ್ವುಡ್‌ಗೆ ಬಣ್ಣದ ಅಂಗಡಿಯಿದೆ. ಆದರೆ ಅವನ ಜೀವವಿರುವುದು ಹಳೆಯ ಯುದ್ಧಗಳನ್ನು ಮೇಜಿನ ಮೇಲಿನ ಆಟವಾಗಿಸುವುದರಲ್ಲಿ. ಮನೆಯಲ್ಲಿ ಹಾಲು ಮುಗಿದದ್ದು ಅವನಿಗೆ ತಿಳಿಯುವುದಿಲ್ಲ. ನೆಪೋಲಿಯನ್ನನ ಯಾವ ದಳಕ್ಕೆ ಎಷ್ಟು ಹಿಟ್ಟು ಬಾಕಿಯಿತ್ತೆಂಬುದು ಬಾಯಿಪಾಠ.

ಈ ಆಟದಲ್ಲಿ ನೆಪೋಲಿಯನ್ ಮಾಸ್ಕೋದಿಂದ ಹಿಂದಿರುಗುತ್ತಾನೆ. ನಕ್ಷೆಯ ತುಂಬ ಆರು ಮೂಲೆಯ ಮನೆಗಳು, ಉಗುರಿನಷ್ಟು ಅಗಲದ ರಟ್ಟಿನ ಕಾಯಿಗಳು, ಚರ್ಚಿನ ಹಾಡುಪುಸ್ತಕಕ್ಕಿಂತ ದಪ್ಪವಾದ ನಿಯಮಾವಳಿ. ಪಕ್ಕದಲ್ಲಿ ರೊಟ್ಟಿಗಾಡಿ ಇಲ್ಲದ ದಳ, ದಾಳ ಬಿದ್ದಂತೆಲ್ಲ ಸಾಯುತ್ತ ಹೋಗುತ್ತದೆ. ಫ್ರೆಂಚರು ಎಲ್ವುಡ್‌ನ ಕಡೆ, ರಷ್ಯನ್ನರು ಹೈರಮ್‌ನ ಕಡೆ. ಫ್ರೆಂಚರು ಎಂದೋ ಸಾಯಬೇಕಿತ್ತು. ಇತಿಹಾಸದಲ್ಲಿ ಒಂದೇ ಚಳಿಗಾಲಕ್ಕೆ ಮುಗಿದ ಕಥೆ, ವರ್ನಾಳ ಊಟದ ಕೋಣೆಯಲ್ಲಿ ಎರಡನೆಯ ಚಳಿಗಾಲಕ್ಕೆ ಕಾಲಿಟ್ಟಿತ್ತು. ಹೋದ ವರ್ಷ ಥ್ಯಾಂಕ್ಸ್‌ಗಿವಿಂಗ್ ಹಬ್ಬಕ್ಕೆ ಬಂದ ನೆಂಟರು ತೊಡೆಯ ಮೇಲೆ ತಟ್ಟೆಯಿಟ್ಟುಕೊಂಡು ಉಂಡಿದ್ದರು. ನಕ್ಷೆಯ ಬೆರೆಜಿನಾ ನದಿಯ ಮೇಲೆ ಗೊಜ್ಜು ಚೆಲ್ಲಬಾರದಲ್ಲ.

"ಇದು ಮೊದಲ ಸಲ ಅಲ್ಲ ಎಲ್ವುಡ್. ಆಟ ಪರೀಕ್ಷೆ ಮಾಡಿದವರು ಅಂತ ಪೆಟ್ಟಿಗೆ ಮೇಲೆ ನನ್ನ ಹೆಸರು ಹಾಕ್ತೀಯ. ಮೋಸದ ಆಟಕ್ಕೆ ನನ್ನ ಹೆಸರು ಬೇಡ."

"ನಾನು ಮೋಸ ಮಾಡ್ತೀನಿ ಅಂತೀಯಾ?"

"ಸಾಯಬೇಕಾದವರು ಯಾರ ಕಡೆಯವರು, ನೀನೇ ಹೇಳು. ನೀನು ಅಂಗಡಿಯಿಂದ ಬರೋವರೆಗೂ ಒಬ್ಬನೇ ಇಲ್ಲಿ ಕೂತು ನೋಡ್ತಿರ್ತೀನಿ. ಒಂದೊಂದು ಕಾಯೀನೂ ನನಗೆ ಗೊತ್ತು."

ಎಲ್ವುಡ್ ಕುರ್ಚಿ ಹಿಂದಕ್ಕೆ ತಳ್ಳಿ ಎದ್ದ. ಬಾಗಿಲಲ್ಲಿ ನಿಂತಿದ್ದ ವರ್ನಾ ಒಂದು ಹೆಜ್ಜೆ ಒಳಗಿಟ್ಟಳು. ಹೆಪ್ಪುಗಟ್ಟಿದ ನದಿಯನ್ನು ಕುದುರೆಗಳು ದಾಟಬಹುದೇ ಎಂಬ ಒಂದು ನಿಯಮಕ್ಕಾಗಿ ಈ ಅಣ್ಣತಮ್ಮಂದಿರು ಹಿಂದೊಮ್ಮೆ ವರ್ಷಗಟ್ಟಲೆ ಮಾತು ಬಿಟ್ಟಿದ್ದರು. ಇಬ್ಬರೂ ಜನ್ಮದಲ್ಲಿ ಕುದುರೆ ಹತ್ತಿದವರಲ್ಲ. ಹೈರಮ್‌ನ ಹೆಂಡತಿ ತೀರಿಕೊಂಡ ದಿನ, ಸಮಾಧಿಯ ಬಳಿ ಏನು ಹೇಳಬೇಕೆಂದು ತೋಚದ ಎಲ್ವುಡ್, "ರಷ್ಯದ ಕಡೆ ಆಡೋಕೆ ಯಾರೂ ಸಿಕ್ಕಿಲ್ಲ ಕಣೋ," ಎಂದಿದ್ದ. ಆ ಶನಿವಾರವೇ ಹೈರಮ್ ಬಂದಿದ್ದ. ಅಂದಿನಿಂದ ತಪ್ಪಿಸಿಲ್ಲ. ಊಟವಾದ ಮೇಲೆ ಪಾತ್ರೆ ಒರೆಸಿಡುವವನೂ ಅವನೇ. ಒರೆಸುವ ಬಟ್ಟೆ ಎಲ್ಲಿದೆಯೆಂದು ಎಲ್ವುಡ್‌ಗೆ ಇನ್ನೂ ಗೊತ್ತಿಲ್ಲ.

ಈಗ ಮತ್ತೆ ಮುರಿದುಬಿದ್ದರೆ, ಮುಂದಿನ ಮಾತಿಗೆ ಇನ್ನೊಂದು ಸಮಾಧಿಯವರೆಗೆ ಕಾಯಬೇಕು.

"ನಾನೇ ಅದು," ಎಂದಳು ವರ್ನಾ. "ಧೂಳು ಒರೆಸೋವಾಗ ಸಾಸರು ಮಗುಚಿತು. ತೋಚಿದ ಕಡೆ ಇಟ್ಟೆ."

ಹೈರಮ್ ಅವಳ ಮುಖ ನೋಡಲಿಲ್ಲ. "ಧೂಳು ಒರೆಸೋವಾಗ," ಎಂದ. "ಹಾಗಾದ್ರೆ ಸರಿ. ಹೋಗ್ಲಿ ಬಿಡಿ ವರ್ನಾ."

"ಅಷ್ಟೇನಾ? ನನಗಾದ್ರೆ ಗಲ್ಲು, ಅವಳಿಗೆ ಹೋಗ್ಲಿ ಬಿಡಿ?" ಎಲ್ವುಡ್ ಗಾಡಿಯನ್ನು ಎತ್ತಿ ಸಾಸರಿಗೆ ಹಾಕಿದ. "ತಗೋ. ಇನ್ನೊಂದೇ ಸರದಿ, ಎಲ್ರೂ ಸಾಯ್ತಾರೆ. ಊಟ ಮಾಡಿ ಮುಗಿಸಿಬಿಡೋಣ. ಮೇಜು ಅವಳಿಗೆ. ಮುಂದಿನ ಶನಿವಾರದಿಂದ ನಾನು ಮಧ್ಯಾಹ್ನ ಕಾಲು ಚಾಚಿ ಮಲಗ್ತೀನಿ."

ಹೈರಮ್ ಕನ್ನಡಕ ತೆಗೆದು ಒರೆಸತೊಡಗಿದ. ಅದರಲ್ಲಿ ಒರೆಸುವಂಥದ್ದೇನೂ ಇರಲಿಲ್ಲ.

ಅಡುಗೆಮನೆಯಲ್ಲಿ ಹಂದಿಮಾಂಸವೂ ಹುಳಿ ಎಲೆಕೋಸೂ ಬೆಂದಿದ್ದವು. ವರ್ನಾ ಹಿಂದೆಯೇ ಬಂದ ಗಂಡನಿಗೆ ದನಿ ತಗ್ಗಿಸಿ, "ಇನ್ಮೇಲೆ ಹಾಗೆ ಮಾಡಬೇಡ. ಪ್ರತಿ ಸಲ ನಾನು ಧೂಳು ಒರೆಸೋಕಾಗಲ್ಲ," ಎಂದಳು.

"ನಾನಾ?" ಎಲ್ವುಡ್ ತಿರುಗಿ ನಿಂತ. "ಫ್ರೆಂಚರು ಬದುಕಿದ್ರೆ ನನ್ನ ಆಟವೇ ಸುಳ್ಳಾಗುತ್ತೆ, ಬಾಲ್ಟಿಮೋರಿನ ಪ್ರಕಾಶಕರು ಹಾಗೇ ವಾಪಸ್ ಕಳಿಸ್ತಾರೆ. ನೀನೇ ಮಾಡಿದ್ದು ಅಂದ್ಕೊಂಡಿದ್ದೆ ನಾನು. ಅದಕ್ಕೇ ಇಲ್ದೇ ಇರೋ ಬೆಕ್ಕಿನ ಮೇಲೆ ಹಾಕಿದ್ದು."

"ನನಗೇನು ಹುಚ್ಚಾ? ಅವರು ಬೇಗ ಸತ್ತಷ್ಟೂ ನನ್ನ ಮೇಜು ಬೇಗ ಸಿಗುತ್ತೆ."

ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಎಲ್ವುಡ್ ಸೇಬಿನ ರಸ ತರುತ್ತೇನೆಂದು ನೆಲಮಾಳಿಗೆಗೆ ಇಳಿದ.

ಅಡುಗೆಮನೆಯ ಪುಟ್ಟ ಮೇಜು ಇಬ್ಬರಿಗೇ ಸಾಕಾಗುವಷ್ಟು. ಹೈರಮ್ ಉಣ್ಣುವುದು ರಷ್ಯದ ಪಕ್ಕದಲ್ಲೇ. ವರ್ನಾ ಅವನ ತಟ್ಟೆಗೆ ಬಡಿಸಿಕೊಂಡು ಊಟದ ಕೋಣೆಯ ಬಾಗಿಲಿಗೆ ಹೋದಳು.

ಅವನು ಬೆನ್ನು ತಿರುಗಿಸಿ ಮೇಜಿನ ಮೇಲೆ ಬಾಗಿದ್ದ. ರಷ್ಯದ ಸೇನಾಪತಿಯ ಚಿಮಟದಲ್ಲಿ ರೊಟ್ಟಿಗಾಡಿ ಸಾಸರಿನಿಂದ ಮೇಲೆದ್ದು, ನಡುಗುತ್ತ ನದಿ ದಾಟಿ, ಶತ್ರುವಿನ ಹಸಿದ ಸೈನ್ಯದ ಪಕ್ಕದಲ್ಲಿ ಮೆಲ್ಲಗೆ ಇಳಿಯಿತು.

ಅವನು ನೆಟ್ಟಗಾಗುವವರೆಗೆ ಕಾದು, ವರ್ನಾ ಬಿಸಿ ತಟ್ಟೆಯನ್ನು ಅವನ ಕೈಗಿಟ್ಟಳು.